ಮೊದಲ ಹಿಡಿ

೬ ನವೆಂಬರ್ ೧೯೯೬, ಬುಧವಾರ

ಮಳೆ ನಿಂತು ವಾರವಾಗಿಲ್ಲ, ಸ್ಟ್ರಾಬೆರಿ ಎಲ್ಲಿದೆ ಎಂದು ಹುಡುಕಿಕೊಂಡು ಓಡಾಡುವಂತಾಗಿದೆ. ಮಹಾಬಲೇಶ್ವರದಿಂದ ಒದ್ದೆ ಗೋಣಿ ಹೊದಿಸಿ ಲಾರಿಯಲ್ಲಿ ತಂದ ಸಸಿಗಳು. ಅವು ಗೇಣುದ್ದ ಏಳುವುದರೊಳಗೆ ಕಳೆ ಮೊಣಕಾಲು ಮುಟ್ಟಿದೆ. ಅಮರಾಂಥಸ್, ಪೋರ್ಚುಲಾಕಾ, ಸೆಲೋಸಿಯಾ, ಸೈಪೆರಸ್. ಡಿಪ್ಲೊಮಾದಲ್ಲಿ ಓದಿದ್ದೆಲ್ಲ ಇಲ್ಲೇ ಪರೀಕ್ಷೆಗೆ ಬಂದ ಹಾಗಿದೆ.

ಮ್ಯಾನೇಜರ್ ಕಿರಣ್ ಕುಮಾರ್ ಜೀಪಿನಿಂದ ಇಳಿಯಲೂ ಇಲ್ಲ. "ಗುರುಪಾದಸ್ವಾಮಿ, ಇದು ಫಾರ್ಮಾ, ಸೊಪ್ಪಿನ ತೋಟಾನಾ?" ಎಂದರು. ಸೂಪರ್‌ವೈಸರ್ ಆದವನು ನಾನು, ಆದ್ದರಿಂದ ಬೈಸಿಕೊಂಡವನೂ ನಾನೇ.

ಕಳೆ ಕೀಳುವ ಆಳುಗಳಿಗೆ ಯಾವ ಅವಸರವೂ ಇಲ್ಲ. ಕೆಳಗಿನ ಊರಿನ ಮೂಗಮ್ಮ ಎಂಬ ಮುದುಕಿ ಅವರ ಯಜಮಾನಿ. ಕಿತ್ತದ್ದನ್ನು ಬದುವಿಗೆ ಎಸೆದು ಮುಂದೆ ಹೋಗಲು ಅವಳಿಗೆ ಮನಸ್ಸೇ ಬರುವುದಿಲ್ಲ. ಎಳೆಯ ಕುಡಿಗಳನ್ನು ಚಿವುಟಿ ಚಿವುಟಿ ಮಡಿಲಿಗೆ ತುಂಬಿಕೊಳ್ಳುತ್ತಾಳೆ. ಮನೆಯಲ್ಲಿ ಬೆರಕೆಸೊಪ್ಪಿನ ಸಾರಾಗಬೇಕಲ್ಲ. ಅಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ದಿನಾ ಬೆಳಿಗ್ಗೆ ಚಿವುಟಿದ ಮೊದಲ ಹಿಡಿಯನ್ನು ಗರಿಕೆಯಿಂದ ಕಟ್ಟಿ, ಎರಡು ಸುತ್ತು ಗಂಟು ಹಾಕಿ, ನನ್ನ ಕೋಣೆಯ ಚಿಲಕಕ್ಕೆ ಸಿಕ್ಕಿಸಿ ಹೋಗುತ್ತಾಳೆ. ಬಾಗಿಲೆಲ್ಲ ಕೆಸರು. ಕೇಳಿದರೆ, "ಮೊದ್ಲ ಹಿಡಿ ಹೊಲ ಕಾಯೋರ್ಗ ಬುದ್ದಿ. ನಮ್ಮತ್ತ ಕಾಲ್ದಿಂದ್ಲೂ ಅಂಗೇ ಮಡಗದು" ಎಂದಳು.

ನಾನು ಉಣ್ಣುವುದಿಲ್ಲ, ಪಂಪು ನೋಡಿಕೊಳ್ಳುವ ಹುಚ್ಚಯ್ಯನಿಗೆ ದಾಟಿಸುತ್ತೇನೆ. ಅದೂ ಅವಳಿಗೆ ಗೊತ್ತು. "ಒಂದಿನನಾದ್ರೂ ನಮ್ ಸೊಪ್ಪು ಉಣ್ಣಿ ಬುದ್ದಿ, ಬಾಯ್ಗ ಹತ್ತುದ್ರ ಆಮ್ಯಾಕ ಬುಡಾಕಿಲ್ಲ ನೀವು" ಎಂದು ಎಲ್ಲರ ಮುಂದೆ ನಗುತ್ತಾಳೆ. ಮಿಕ್ಕ ಹೆಂಗಸರೂ ನಕ್ಕರು. ನನಗೆ ರೇಗಿತು.

೮ ನವೆಂಬರ್, ಶುಕ್ರವಾರ

ಕಳೆನಾಶಕದ ವಿಚಾರವೇ ತಲೆಯಲ್ಲಿ. ಸಸಿ ನೆಡುವ ಮೊದಲು ಹೊಡೆಯಬೇಕಾದ್ದನ್ನು ಹೊಡೆಯಲಿಲ್ಲ, ಈಗ ಅದನ್ನು ನೆನೆದು ಫಲವಿಲ್ಲ. ಪೆಂಡಿಮೆಥಾಲಿನ್ ಕಳೆ ಹುಟ್ಟುವ ಮುಂಚೆ ಮಾತ್ರ ಕೆಲಸಕ್ಕೆ ಬರುತ್ತದೆ. ೨,೪-ಡಿ ಹೊಡೆದರೆ ಅಗಲ ಎಲೆಯದೆಲ್ಲ ಹೋಗುತ್ತದೆ, ಜೊತೆಗೆ ಸ್ಟ್ರಾಬೆರಿಯೂ ಹೋಗುತ್ತದೆ. ಗ್ಲೈಫೋಸೇಟ್ ಅದರ ಒಂದು ಬಳ್ಳಿಗೆ ತಗುಲಿದರೆ ಬೇರಿನವರೆಗೂ ಇಳಿದು ತಾಯಿಗಿಡವನ್ನೇ ಕೊಲ್ಲುತ್ತದೆ. ಕಪ್ಪು ಪ್ಲಾಸ್ಟಿಕ್ ಹಾಸು ಮೈಸೂರಿನಿಂದ ಬರುವ ಹೊತ್ತಿಗೆ ಹಣ್ಣಿನ ಕಾಲವೇ ಮುಗಿದಿರುತ್ತದೆ.

ಉಳಿದದ್ದು ಪ್ಯಾರಾಕ್ವಾಟ್. ಮುಟ್ಟಿದ್ದನ್ನು ಮಾತ್ರ ಸುಡುತ್ತದೆ. ನಾಝಲ್ಲಿನ ಸುತ್ತ ಮುಚ್ಚಳ ಕಟ್ಟಿ, ಸಾಲಿನ ಸಂದಿಗೆ ಮಾತ್ರ ಬೀಳುವ ಹಾಗೆ ಹೊಡೆದರೆ ಮಡಿಯ ಮೇಲಿನ ಗಿಡಕ್ಕೆ ಏನೂ ಆಗುವುದಿಲ್ಲ. ಮ್ಯಾನೇಜರಿಗೆ ವಿವರಿಸಿದೆ. "ಬ್ರಿಲಿಯಂಟ್" ಎಂದರು. ಮೊದಲ ಸಲ ಜೀಪಿನಿಂದ ಇಳಿದು ಕೈ ಕುಲುಕಿದರು. ಖುಷಿಯಾಯಿತು, ಸುಳ್ಳೇಕೆ ಹೇಳಲಿ.

೯ ನವೆಂಬರ್, ಶನಿವಾರ

ಬಟವಾಡೆ ಮಾಡಿ, ದೀಪಾವಳಿ ಆದ ಮೇಲೆ ಬರುವುದು ಬೇಡ, ಹಣ್ಣು ಬಿಡಿಸುವಾಗ ಕರೆಯುತ್ತೇವೆ ಎಂದು ಆಳುಗಳಿಗೆ ಹೇಳಿಬಿಟ್ಟೆ. ಮೂಗಮ್ಮ ಮಾತ್ರ, "ಕಳ ಬುಟ್ಬುಡಾದಾ ಬುದ್ದಿ, ಅಂಗೇಯಾ?" ಎಂದು ಕೇಳಿದಳು. ಅದಕ್ಕೆ ಬೇರೆ ದಾರಿ ಇದೆ ಎಂದೆ.

ಕಳೆನಾಶಕ ಹೊಡೆಯುವ ಸುದ್ದಿ ಊರಲ್ಲಿ ಹೇಳಬಾರದೆಂದು ಮ್ಯಾನೇಜರ್ ಅಪ್ಪಣೆ. ಊಟಿಯ ಹೋಟೆಲಿನವರು ಹಣ್ಣು ಕೊಳ್ಳಲು ಒಪ್ಪಿದ್ದಾರೆ, ಫಾರ್ಮಿನಲ್ಲಿ ವಿಷ ಅಂತ ಗುಲ್ಲೆದ್ದರೆ ಕಷ್ಟವಂತೆ. ಹೇಳುವುದಕ್ಕೆ ಅಲ್ಲಿ ಇರುವುದಾದರೂ ಏನು? ಆಳುಗಳೇ ಬರುವುದಿಲ್ಲವಲ್ಲ.

೧೩ ನವೆಂಬರ್, ಬುಧವಾರ

ದೀಪಾವಳಿ ಮುಗಿಸಿ ನಮ್ಮೂರು ಹರವೆಯಿಂದ ಮಧ್ಯಾಹ್ನ ಬಂದೆ. ಇಳಿಹೊತ್ತಿಗೆ ಸ್ಪ್ರೇ ಶುರು ಮಾಡಿಸಿದೆ. ಹುಚ್ಚಯ್ಯ ಪ್ಲಾಸ್ಟಿಕ್ ಬಿಂದಿಗೆಯನ್ನು ಅರ್ಧಕ್ಕೆ ಕೊಯ್ದು ನಾಝಲ್ಲಿಗೆ ಕಟ್ಟಿದ್ದ, ಅವನ ಕೈಕೆಲಸ ಚೆನ್ನಾಗಿದೆ. ಇದನ್ನು ಸಂಜೆಯೇ ಹೊಡೆಯಬೇಕು. ಕತ್ತಲಲ್ಲಿ ಎಲೆ ಚೆನ್ನಾಗಿ ಕುಡಿದುಕೊಳ್ಳುತ್ತದೆ. ಬೆಳಗಿನ ಬಿಸಿಲು ಬೀಳುವವರೆಗೆ ಏನೂ ಆಗದ ಹಾಗೆ ಹಸಿರಾಗಿಯೇ ಇರುತ್ತದೆ, ಬಿಸಿಲು ಬಿದ್ದ ಮೇಲೆ ನೋಡನೋಡುತ್ತಲೇ ಸುಡುತ್ತದೆ.

ನಾಳೆ ಮೊದಲ ಬಸ್ಸಿಗೆ ಚಾಮರಾಜನಗರಕ್ಕೆ ಹೋಗಬೇಕು, ಹಣ್ಣಿನ ಡಬ್ಬಿಗಳ ಮಾತು ಮುಗಿಸಬೇಕು.

೧೪ ನವೆಂಬರ್, ಗುರುವಾರ

ಮಧ್ಯಾಹ್ನ ಬಸ್ಸಿಳಿದು ಬರುವಾಗ ದೂರದಿಂದಲೇ ಕಂಡಿತು. ಸಾಲಿನ ಸಂದುಗಳೆಲ್ಲ ಬೆಂದು ಕಪ್ಪಾಗಿದ್ದವು, ಮಡಿಗಳು ಮಾತ್ರ ಹಸಿರು. ಎಷ್ಟು ಚೊಕ್ಕಟವಾಗಿತ್ತು ಎಂದರೆ ನಿಂತು ನೋಡಿದೆ.

ಕೋಣೆಗೆ ಬಂದೆ. ಚಿಲಕಕ್ಕೆ ಒಂದು ಹಿಡಿ ಸೊಪ್ಪು ಕಟ್ಟಿತ್ತು. ಗರಿಕೆಯ ಎರಡು ಸುತ್ತಿನ ಗಂಟು. ಎಲೆ ಎಲ್ಲ ಕಪ್ಪಾಗಿ ಜೋತುಬಿದ್ದಿತ್ತು.

ಕೆಲಸವಿಲ್ಲದಿದ್ದರೂ ಬಂದಿದ್ದಾಳೆ. ಬಿಸಿಲು ಬರುವ ಮೊದಲು ಬಂದು, ಹಸಿರು ಕಂಡು, ಚಿವುಟಿಕೊಂಡು ಹೋಗಿದ್ದಾಳೆ. ನನ್ನ ಪಾಲನ್ನೂ ಮರೆತಿಲ್ಲ.

ಊರು ಇಲ್ಲಿಂದ ಕೂಗಳತೆಯ ದೂರ. ಚಪ್ಪಲಿ ಮೆಟ್ಟಿಕೊಂಡೆ. ಅಷ್ಟರಲ್ಲಿ ಜೀಪು ಬಂತು. ಮ್ಯಾನೇಜರಿಗೆ ಹೇಳಿದೆ. "ಬಾಡಿದ್ದನ್ನ ಯಾರಾದರೂ ಬೇಯಿಸ್ತಾರೇನ್ರೀ? ನೋಡಿ ಬಿಸಾಕಿರ್ತಾಳೆ. ನೀವು ಹೋಗಿ ಹೇಳಿದರೆ ನಾವೇ ಊರಿಗೆಲ್ಲ ಸಾರಿದ ಹಾಗೆ" ಎಂದರು. ಸರಿ ಎನಿಸಿತು. ಸೊಪ್ಪನ್ನು ಪಂಪುಮನೆಯ ಹಿಂದೆ ಹೂತೆ. ಆಮೇಲೆ ನೆನಪಾಯಿತು, ಅವಳು ಸೊಪ್ಪಿನ ಮೇಲೆ ಯಾವಾಗಲೂ ಒದ್ದೆ ಬಟ್ಟೆ ಮುಚ್ಚಿಟ್ಟುಕೊಳ್ಳುತ್ತಾಳೆ. ಬಿಸಿಲು ಸೋಕದಿದ್ದರೆ ಅದು ಬಾಡುವುದಿಲ್ಲ.

ಸಂಜೆ ಊರಿನ ಮನೆಗಳಿಂದ ಹೊಗೆ ಎದ್ದಿತು. ಅದು ನಿಲ್ಲುವವರೆಗೂ ಬದುವಿನ ಮೇಲೆ ನಿಂತಿದ್ದೆ. ಹೋಗಲಿಲ್ಲ.

೧೬ ನವೆಂಬರ್, ಶನಿವಾರ

ಮೂಗಮ್ಮನ ಜೊತೆಗೇ ಇರುವ ಮಗಳು ಸಣ್ಣತಾಯಮ್ಮ ರಸ್ತೆಯಲ್ಲಿ ಸಿಕ್ಕಳು, ಸೊಂಟದ ಮೇಲೆ ಮಗು. ಹಬ್ಬಕ್ಕೆ ಉಮ್ಮತ್ತೂರಿನ ಗಂಡನ ಮನೆಗೆ ಹೋಗಿದ್ದವಳು ನಿನ್ನೆ ಬಂದಳಂತೆ.

"ಅವ್ವಂಗ ಬಾಯೆಲ್ಲ ಬೆಂದೋಗದ ಬುದ್ದಿ. ನಾಲ್ಗ ಸುಲ್ದೋಗದ. ಎಲ ಅಡ್ಕಗ ಸುಣ್ಣ ಎಚ್ಚಾಕಂಡ್ಬುಟ್ಟವ್ಳ, ಮುದ್ಕಿಗ ಕಣ್ಣು ಕಾಣಾಕಿಲ್ಲ."

ಸುಣ್ಣ. ನನಗೆ ಎಷ್ಟು ನಿರಾಳವಾಯಿತೆಂದು ಬರೆಯಲು ನಾಚಿಕೆಯಾಗುತ್ತದೆ. "ಸುಣ್ಣನೇ ಇರಬೇಕು, ತುಪ್ಪ ಸವರು" ಎಂದೆ. ಅಮ್ಮ ಹಬ್ಬಕ್ಕೆ ಕೊಟ್ಟು ಕಳಿಸಿದ್ದ ತುಪ್ಪದ ಸೀಸೆಯನ್ನು ತಂದು ಅವಳ ಕೈಗಿಟ್ಟೆ. "ನಿಮ್ ಹೊಟ್ಟ ತಣ್ಣಗಿರ್ಲಿ" ಎಂದಳು.

ಸುಣ್ಣದಿಂದಲೂ ಬಾಯಿ ಬೇಯುತ್ತದೆ. ಎಷ್ಟೋ ಜನರಿಗೆ ಹಾಗೆ ಆಗುವುದನ್ನು ಕಂಡಿದ್ದೇನೆ.

೨೦ ನವೆಂಬರ್, ಬುಧವಾರ

ಮೂಗಮ್ಮನನ್ನು ನೋಡಿಕೊಂಡು ಬಂದೆ. ಅಂಗಳದಲ್ಲೇ ನಿಂತೆ. ನಮ್ಮವರು ಆ ಕೇರಿಯ ಮನೆಗಳ ಒಳಗೆ ಹೋಗುವುದಿಲ್ಲ, ಅವರೂ ಕರೆಯುವುದಿಲ್ಲ. ಮೂಗಮ್ಮನನ್ನು ಹಿಡಿದುಕೊಂಡು ಜಗಲಿಗೆ ತಂದು ಕೂರಿಸಿದರು. ತುಟಿ ಒಡೆದು ಕಪ್ಪುಗಟ್ಟಿದೆ. ಮಾತು ಗಾಳಿಯಲ್ಲೇ ಹೋಗುತ್ತದೆ, ದನಿ ಇಲ್ಲ. ನನ್ನನ್ನು ಕಂಡು ಎದ್ದು ನಿಲ್ಲಲು ನೋಡಿದಳು.

"ಅವತ್ತು ನಾ ಬಾಗ್ಲಿಗ ಸೊಪ್ಪು ಮಡಗಿದ್ದಿ ಬುದ್ದಿ. ಉಂಡ್ರಾ?"

ಇಲ್ಲ ಎಂದರೆ ಯಾಕೆ ಎಂದು ಕೇಳುತ್ತಾಳೆ. ಯಾಕೆ ಎಂದು ಕೇಳಿದರೆ ಏನು ಹೇಳಲಿ? "ಉಂಡೆ ಮೂಗಮ್ಮ. ಚೆನ್ನಾಗಿತ್ತು" ಎಂದೆ.

ಆ ಒಡೆದ ತುಟಿಯಲ್ಲೇ ನಕ್ಕಳು. ಮಗಳ ಕಡೆ ತಿರುಗಿ, "ನೋಡ್ದಾ? ನಾ ಯೋಳಿರ್ನಿಲ್ವಾ?" ಎಂದಳು.

ಅಲ್ಲಿ ನಿಲ್ಲದೆ ಫಾರ್ಮಿಗೆ ಹೊರಟು ಬಂದೆ.

೨೫ ನವೆಂಬರ್, ಸೋಮವಾರ

ಅವ್ವನಿಗೆ ಮೇಲುಸಿರು ಹತ್ತಿದೆ ಎಂದು ಸಣ್ಣತಾಯಮ್ಮ ಓಡಿ ಬಂದಳು. ಆಟೋ ಮಾಡಿಸಿ ಗುಂಡ್ಲುಪೇಟೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಒಳ್ಳೆಯ ಮನುಷ್ಯ. ಎದೆಗೆ ಕಿವಿಗೊಟ್ಟು ಬಹಳ ಹೊತ್ತು ಕೂತಿದ್ದರು. ಸುಣ್ಣಕ್ಕೆ ಹೀಗಾಗುವುದಿಲ್ಲ, ಏನಾದರೂ ಕುಡಿದಳಾ, ಏನು ಉಂಡಿದ್ದಳು ಎಂದು ಬಿಡದೆ ಕೇಳಿದರು.

"ಹಿಟ್ಟು, ಬೆರಕಸೊಪ್ಪು ಉಂಡಿದ್ದು ಸಾ. ಅದೇ ಸೊಪ್ನ ನಮ್ ಬುದ್ದಿನೂ ಉಂಡವ್ರ. ಅವ್ರಿಗೇನೂ ಆಗಿಲ್ಲ."

ಡಾಕ್ಟರು ನನ್ನ ಮುಖ ನೋಡಿದರು. ಮೂಗಮ್ಮನೂ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ.

ಬೆಂಚಿನ ಮೇಲೆ ಕೂತು ಎದ್ದು ಕೂತು ಎದ್ದು ಮಾಡಿದೆ. ಈಗ ಹೇಳುತ್ತೇನೆ, ಈಗ ಹೇಳುತ್ತೇನೆ ಎಂದುಕೊಂಡೆ. ಅವಳ ಎದುರಿಗೆ ಉಂಡೆ ಎಂದವನು ಅವಳ ಎದುರಿಗೇ ಉಂಡಿಲ್ಲ ಎನ್ನುವುದು ಹೇಗೆ? ಡಾಕ್ಟರು ಮೈಸೂರಿನ ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ಮೂಗಮ್ಮ ಒಪ್ಪಲಿಲ್ಲ, ಮನೆ ಕಡೆ ಕೈ ತೋರಿಸಿದಳು.

೨೭ ನವೆಂಬರ್, ಬುಧವಾರ

ಬೆಳಿಗ್ಗೆ ಹೋಗಿಬಿಟ್ಟಳಂತೆ.

೫ ಡಿಸೆಂಬರ್, ಗುರುವಾರ

ಮೂಗಮ್ಮನ ಮಣ್ಣಿಗೆ ಹೋಗಿದ್ದೆ, ಬರೆಯಲಿಲ್ಲ. ಸುಣ್ಣ ಸುಣ್ಣ ಎಂದೇ ಎಲ್ಲರೂ ಮಾತಾಡುತ್ತಿದ್ದರು. ಎಲೆಅಡಿಕೆ ಹಾಕುವ ಒಬ್ಬ ಹೆಂಗಸು ತನ್ನ ಸುಣ್ಣದ ಡಬ್ಬಿಯನ್ನು ತೆಗೆದು ದೂರ ಎಸೆದಳು. ಅದನ್ನು ನೋಡಲಾಗಲಿಲ್ಲ.

ಹಣ್ಣು ಕೆಂಪಾಗಿದೆ. ಬಿಡಿಸಲು ಹೆಂಗಸರನ್ನು ಮತ್ತೆ ಕರೆದಿದ್ದೇವೆ. ತಾಯಿಯ ಜಾಗಕ್ಕೆ ಸಣ್ಣತಾಯಮ್ಮ ಬರುತ್ತಾಳೆ. ನನ್ನೊಂದಿಗೆ ಮೊದಲಿಗಿಂತ ವಿಶ್ವಾಸದಿಂದಿದ್ದಾಳೆ. ಕಷ್ಟಕ್ಕೆ ಆದವರು ಎನ್ನುತ್ತಾಳೆ.

೧೪ ಡಿಸೆಂಬರ್, ಶನಿವಾರ

ಮಂಜು ವಿಪರೀತ. ಬೆಳಿಗ್ಗೆ ಬಾಗಿಲು ತೆಗೆದರೆ ಮೊದಲ ಸಾಲೂ ಕಾಣುವುದಿಲ್ಲ. ಇವತ್ತು ಅದರೊಳಗೆ ಯಾರೋ ಬಗ್ಗಿ ನಿಂತಿದ್ದರು. ಹೆಂಗಸರು ಬರುವ ಹೊತ್ತಲ್ಲ. "ಯಾರದು?" ಎಂದೆ. ಎದ್ದು ನೋಡಲಿಲ್ಲ, ಬಗ್ಗಿಕೊಂಡೇ ಮುಂದಿನ ಸಾಲಿಗೆ ಹೋದ ಹಾಗಾಯಿತು. ಹತ್ತಿರ ಹೋದೆ. ಯಾರೂ ಇಲ್ಲ. ಸಾಲಿನ ಸಂದಿನಲ್ಲಿ ಹೊಸ ಅಣ್ಣೆಸೊಪ್ಪು ಎದ್ದಿದೆ, ಅದರ ಮೇಲಿನ ಇಬ್ಬನಿ ಹಾಗೇ ಇತ್ತು. ಯಾರಾದರೂ ನಡೆದಿದ್ದರೆ ಉದುರುತ್ತಿತ್ತು.

ನನಗೆ ಭಯವಾಗುತ್ತಿದೆ. ಬಿಸಿಲು ಬರುವವರೆಗೆ ಇನ್ನು ಹೊರಗೆ ಹೋಗುವುದಿಲ್ಲ.

೨೦ ಡಿಸೆಂಬರ್, ಶುಕ್ರವಾರ

ಚಿಲಕ ಅಲ್ಲಾಡಿದ ಸದ್ದಿಗೆ ಎಚ್ಚರವಾಗುತ್ತದೆ. ಮೆಲ್ಲಗೆ, ಗಂಟು ಹಾಕುವಾಗ ಆಗುತ್ತಿತ್ತಲ್ಲ, ಅಷ್ಟೇ ಸದ್ದು. ಎದ್ದು ನೋಡಿದರೆ ಏನೂ ಇರುವುದಿಲ್ಲ. ಹುಚ್ಚಯ್ಯನನ್ನು ಕೇಳಿದೆ. "ಗಾಳಿ ಇರ್ಬೇಕು ಬುದ್ದಿ" ಎಂದ. ಗಾಳಿ ಎಲ್ಲಿದೆ, ಈ ಮಂಜಿನಲ್ಲಿ?

ಪಂಪುಮನೆಯ ಹಿಂದೆ ಹೂತಿದ್ದಲ್ಲಿ ಕಿರಕಸಾಲೆ ಸೊಪ್ಪು ಹುಟ್ಟಿದೆ. ಸುತ್ತ ಎಲ್ಲೂ ಇಲ್ಲ, ಅಲ್ಲಿ ಮಾತ್ರ. ಆ ಕಡೆ ಹೋಗುವುದನ್ನು ಬಿಟ್ಟಿದ್ದೇನೆ.

೨೯ ಡಿಸೆಂಬರ್, ಭಾನುವಾರ

ಹರವೆಗೆ ಹೋಗಿದ್ದೆ. ಅಮ್ಮ ಮಸ್ಸೊಪ್ಪು ಮಾಡಿದ್ದಳು. ತಟ್ಟೆಗೆ ಬಡಿಸಿದಳು, ಎದ್ದುಬಿಟ್ಟೆ. ಹುಷಾರಿಲ್ಲವೇ ಎಂದು ಹಣೆ ಮುಟ್ಟಿ ನೋಡಿದಳು. ಕನ್ನಡಿಯಲ್ಲಿ ನಾಲಗೆ ನೋಡಿಕೊಂಡೆ, ಏನೂ ಆಗಿಲ್ಲ. ದಿನಾ ನೋಡಿಕೊಳ್ಳುತ್ತೇನೆ.

ಹಣ್ಣಿನ ಬಗ್ಗೆ ಹೋಟೆಲಿನವರು ತುಂಬ ಹೊಗಳಿದರಂತೆ.

೮ ಜನವರಿ ೧೯೯೭, ಬುಧವಾರ

ಸಾಲಿನ ಸಂದಿಗೆ ಮತ್ತೆ ಹೊಡೆಯಬೇಕೆಂದು ಮ್ಯಾನೇಜರ್. ಹೋಟೆಲಿನವರು ಫಾರ್ಮು ನೋಡಲು ಬರುತ್ತಾರಂತೆ. ಬೇಡ ಎಂದೆ, ಬತ್ತದ ಹುಲ್ಲು ಹಾಸಿದರೆ ಸಾಕು, ಉಳಿದದ್ದನ್ನು ಕೈಯಲ್ಲಿ ಕೀಳಬಹುದು ಎಂದೆ. "ಯಾರು ಕೀಳ್ತಾರೆ, ನೀವಾ?" ಎಂದು ನಕ್ಕರು.

ಕೀಳುತ್ತಿರುವುದು ನಾನೇ. ಹೊತ್ತು ಹೋಗಲಿ ಎಂದು ಹೆಂಗಸರ ಜೊತೆ ಒಂದು ಸಾಲು ಹಿಡಿಯುತ್ತೇನೆ. ಅಣ್ಣೆ ಸಲೀಸಾಗಿ ಬರುತ್ತದೆ, ಗೋಣಿಸೊಪ್ಪನ್ನು ಬುಡದಲ್ಲಿ ಹಿಡಿಯಬೇಕು, ಗಣಿಕೆಗೆ ಬೇರು ಆಳ. ಕೊನ್ನಾರಿಗಡ್ಡೆಯದು ಮಾತ್ರ ಮುಗಿಯದ ಕೆಲಸ. ಸೊಪ್ಪನ್ನು ಬೇರೆ ಗುಡ್ಡೆ ಹಾಕಿ ಇಡುತ್ತೇನೆ, ಆ ಹೆಂಗಸರಲ್ಲಿ ಚಿಕ್ಕಬಸಮ್ಮನೋ ಮತ್ತೊಬ್ಬರೋ ಒಯ್ಯುತ್ತಾರೆ. ಹೆಬ್ಬೆರಳಿನ ಉಗುರು ಹಸಿರಾಗಿದೆ, ತೊಳೆದರೂ ಹೋಗುವುದಿಲ್ಲ.

ಹೊಡೆಯುವುದು ಬೇಡವೆಂದು ಹುಚ್ಚಯ್ಯನಿಗೂ ಗಟ್ಟಿಯಾಗಿ ಹೇಳಿದ್ದೇನೆ.

೧೫ ಜನವರಿ, ಬುಧವಾರ

ಸಂಕ್ರಾಂತಿಗೆ ಹರವೆಗೆ ಹೋಗಿದ್ದವನು ತೆರಕಣಾಂಬಿ ಮೇಲಿನ ಮೊದಲ ಬಸ್ಸಿಗೆ ಹೊರಟು ಬಂದೆ. ಮಂಜು ಪೂರ್ತಿ ಎದ್ದಿರಲಿಲ್ಲ. ಫಾರ್ಮಿನಲ್ಲಿ ಯಾರೂ ಇರಲಿಲ್ಲ.

ಚಿಲಕದಲ್ಲಿ ಸೊಪ್ಪು ಕಟ್ಟಿತ್ತು.

ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಬಂದಳು, ಕೊನೆಗೂ ಬಂದಳು ಎಂದುಕೊಂಡೆ. ಕಣ್ಣು ಮುಚ್ಚಿಕೊಂಡು, "ನಾನು ಉಂಡಿರಲಿಲ್ಲ ಮೂಗಮ್ಮ, ತಪ್ಪಾಯಿತು" ಎಂದು ಬಾಯಿಬಿಟ್ಟು ಹೇಳಿದೆ. ಕಣ್ಣು ಬಿಟ್ಟಾಗ ಸೊಪ್ಪು ಅಲ್ಲೇ ಇತ್ತು, ಹಸಿರಾಗಿ, ಇಬ್ಬನಿಯೊಂದಿಗೆ. ಗರಿಕೆಯ ಗಂಟು ಒಂದೇ ಸುತ್ತು. ಮೂಗಮ್ಮ ಒಂದು ದಿನವೂ ಒಂದೇ ಸುತ್ತು ಹಾಕಿದವಳಲ್ಲ. ಇದು ಬದುಕಿರುವವರ ಕೈ.

ಆಗ ಮೂಗಿಗೆ ವಾಸನೆ ತಾಗಿತು. ಪಂಪುಮನೆಯ ಗೋಡೆಗೆ ಸ್ಪ್ರೇ ಟ್ಯಾಂಕು ಒರಗಿತ್ತು. ಬಿಂದಿಗೆಯ ಮುಚ್ಚಳದ ಅಂಚು ಒದ್ದೆ. ಹುಚ್ಚಯ್ಯ ಒಳಗಿಂದ ಬಂದು ತಲೆ ಕೆರೆದುಕೊಂಡ. "ಮ್ಯಾನೇಜ್ರು ನೆನ್ನ ಬಂದು ಒಡಿ ಅಂದ್ರು ಬುದ್ದಿ. ಸಂಜ ಒಡ್ದಿ. ಹಬ್ಬ ಅಲ್ವಾ, ಯಾರೂ ಬರಾಕಿಲ್ಲ ಅಂದ್ರು."

ಓಡಿದೆ. ಚಪ್ಪಲಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಬದು ಹಾರಿ, ಹುರುಳಿ ಹೊಲದ ನಡುವೆ ಬಿದ್ದು ಎದ್ದು, ಕೇರಿಯೊಳಗೆ ನುಗ್ಗಿದೆ. ಜನ ಎದ್ದು ನಿಂತರು. ಸಣ್ಣತಾಯಮ್ಮನ ಮನೆಯ ಸೂರಿನಿಂದ ಹೊಗೆ ಏಳುತ್ತಿತ್ತು. ಹೊಸ್ತಿಲು ದಾಟಿ ಒಳಗೆ ಹೋದೆ. ಮಗು ತಟ್ಟೆಯ ಮುಂದೆ ಕೂತಿತ್ತು, ಕೈಯಲ್ಲಿ ರಾಗಿಹಿಟ್ಟಿನ ತುತ್ತು, ತುತ್ತಿನ ತುಂಬ ಸೊಪ್ಪಿನ ರಸ. ತುತ್ತನ್ನು ಕೈಯಿಂದ ಕಿತ್ತೆ. ಒಲೆಯ ಮೇಲಿನ ಗಡಿಗೆಯನ್ನು ಒದ್ದೆ. ಮಗುವಿನ ಬಾಯೊಳಗೆ ಬೆರಳು ಹಾಕಿ ನೋಡಿದೆ, ಏನೂ ಇರಲಿಲ್ಲ. ಅದು ಚೀರಿ ಅಳತೊಡಗಿತು.

"ಯಾಕ ಬುದ್ದಿ? ಏನಾಯ್ತು? ಒಲಗ ಕಾಲಾಕ್ಬುಟ್ರಲ್ಲ!" ಎಂದು ಸಣ್ಣತಾಯಮ್ಮ ಕಿರುಚಿದಳು.

"ಮಗು ಉಂಡಿತಾ? ನೀನು ಉಂಡ್ಯಾ?"

"ಇಲ್ಲ, ಇನ್ನೂ ಈಗ ಬಡಿಸ್ದಿ. ಯಾಕ?"

"ಅದರ ಮೇಲೆ ವಿಷ ಇದೆ. ನಿನ್ನೆ ಸಂಜೆ ಹೊಡೆದಿದ್ದಾರೆ. ಬಿಸಿಲು ಬೀಳುವವರೆಗೆ ಗೊತ್ತಾಗುವುದಿಲ್ಲ."

ಅವಳು ಮಗುವನ್ನು ಎತ್ತಿಕೊಂಡು ಗೋಡೆಗೆ ಒರಗಿದಳು. ಬಾಗಿಲಲ್ಲಿ ಜನ ಸೇರಿದ್ದರು. ಒಲೆಯಲ್ಲಿ ಚೆಲ್ಲಿದ ಸಾರು ಸುಯ್ಯೆನ್ನುತ್ತಿತ್ತು. ಅವಳ ಮುಖ ನೋಡುತ್ತಲೇ ಇದ್ದೆ. ಹಿಂದಿನದೆಲ್ಲ ಒಂದೊಂದಾಗಿ ಅವಳಿಗೆ ಹೊಳೆಯುವುದು ಕಾಣುತ್ತಿತ್ತು.

"ಅವ್ವನೂ ಇದ್ನೇ ಉಂಡಿದ್ದು," ಎಂದಳು. "ಹಬ್ಬ ಆದ್ ಮ್ಯಾಕ. ಸುಣ್ಣ ಅಲ್ವಾ ಅದು?"

"ಅಲ್ಲ."

"ನೀವೂ ಉಂಡಿದ್ರಲ್ಲ ಬುದ್ದಿ?"

"ಉಂಡಿರಲಿಲ್ಲ. ಮಣ್ಣಲ್ಲಿ ಹೂತಿದ್ದೆ. ಅವತ್ತು ಮಧ್ಯಾಹ್ನವೇ ನನಗೆ ಗೊತ್ತಿತ್ತು."

ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಜನ ಹೊಡೆಯುತ್ತಾರೆ ಎಂದುಕೊಂಡಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವಳು ಮಗುವಿನ ಅಂಗೈಯನ್ನು ಸೆರಗಿನಿಂದ ಒರೆಸಿದಳು, ಮತ್ತೆ ಮತ್ತೆ ಒರೆಸಿದಳು. ಆಮೇಲೆ ನನ್ನನ್ನು ನೋಡದೆಯೇ ಹೇಳಿದಳು.

"ಅವ್ವ ಸಾಯ ಗಂಟ ಅದ್ನೇ ಅಂತಿದ್ಲು. ಉಸ್ರು ಬರ್ದೆ ಇದ್ರೂವಿ ಅಂತಿದ್ಲು. ಕೊನ್ಗೂ ಬುದ್ದಿ ನನ್ ಸೊಪ್ಪು ಉಂಡ್ರು ಕಣಮ್ಮಿ, ಚೆನ್ನಾಗದ ಅಂದ್ರು. ಮೊದ್ಲ ಹಿಡಿ ಮಡಗಾದ ಮರೀಬ್ಯಾಡ ಅಂತ. ಅದ್ಕೇ ನಾ ಮಡಗ್ದಿ."

ಡಾಕ್ಟರಿಗೂ ಪೊಲೀಸರಿಗೂ ನಾಳೆ ಹೇಳಬೇಕು. ಬೆಳಿಗ್ಗೆ ಅವಳೂ ಕೇರಿಯವರೂ ಗುಂಡ್ಲುಪೇಟೆಗೆ ಹೊರಡಲು ರಸ್ತೆಗೆ ಬಂದು ನಿಲ್ಲುತ್ತಾರೆ, ನಾನೂ ಹೋಗುತ್ತೇನೆ. ಮ್ಯಾನೇಜರ್ ಎರಡು ಸಲ ಜೀಪು ಕಳಿಸಿದರು, ಹೋಗಲಿಲ್ಲ.

ಸೊಪ್ಪು ಇನ್ನೂ ಚಿಲಕದಲ್ಲೇ ಇದೆ. ಮಧ್ಯಾಹ್ನದ ಬಿಸಿಲಿಗೆ ಕಪ್ಪಾಯಿತು. ಈ ಸಲ ಹೂಳಿಲ್ಲ. ಹೋಗುವಾಗ ಜೊತೆಗೆ ತೆಗೆದುಕೊಂಡು ಹೋಗಬೇಕು.